ಮಾತ್ರೆ ಶುರುವಾದ ಮೊದಲ ತಿಂಗಳು

1959ರಲ್ಲಿ ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯ ತರುಣ ಮನೋವೈದ್ಯ ಡೊನಾಲ್ಡ್ ಕ್ಲೈನ್ ಅವರ ಕೈಗೆ ಇಮಿಪ್ರಮೀನ್ ಎಂಬ ಹೊಸ ಔಷಧಿ ಬಂತು. ಅದು ಖಿನ್ನತೆಗೆ ಒಳ್ಳೆಯದೆಂದು ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಎರಡು ವರ್ಷದ ಹಿಂದಷ್ಟೇ ಪ್ರಕಟಿಸಿದ್ದರು. ಕ್ಲೈನ್ ಅವರ ಆಸ್ಪತ್ರೆಯಲ್ಲಿ ಇನ್ನೊಂದು ಬಗೆಯ ರೋಗಿಗಳೂ ಇದ್ದರು. ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಉಸಿರು ಕಟ್ಟಿದಂತಾಗಿ, ಈಗಲೇ ಪ್ರಾಣ ಹೋಗುತ್ತದೆ ಎಂದು ಕಂಗಾಲಾಗುವವರು. ಒಬ್ಬರೇ ಹೊರಗೆ ಕಾಲಿಡಲೂ ಹೆದರುವವರು. ತಿಂಗಳುಗಟ್ಟಲೆ ಮಾತುಕತೆಯ ಚಿಕಿತ್ಸೆ ನಡೆದಿತ್ತು. ಆಗ ಬಳಕೆಯಲ್ಲಿದ್ದ ಶಮನಕಾರಿ ಔಷಧಿಗಳನ್ನೂ ಕೊಟ್ಟಾಗಿತ್ತು. ಯಾವುದರಿಂದಲೂ ಗುಣ ಕಾಣದಿದ್ದಾಗ, ಇದನ್ನೂ ಒಂದು ಕೈ ನೋಡೋಣ ಎಂದು ಕ್ಲೈನ್ ಈ ರೋಗಿಗಳಿಗೂ ಇಮಿಪ್ರಮೀನ್ ಶುರು ಮಾಡಿದರು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಅಷ್ಟೇ. ಮೂರನೆಯ ವಾರ ಒಬ್ಬ ರೋಗಿಯನ್ನು ಕೇಳಿದರೆ, ಏನೂ ಪ್ರಯೋಜನವಿಲ್ಲ ಎಂದ. ಅವನ ಚಿಕಿತ್ಸಕರ ಅಭಿಪ್ರಾಯವೂ ಅದೇ. ಬೇರೆ ಮಾತನ್ನಾಡಿದವಳು ವಾರ್ಡಿನ ದಾದಿ ಒಬ್ಬಳೇ. ಆತ ತಿಂಗಳುಗಳಿಂದ ದಿನಕ್ಕೆ ಮೂರು ನಾಲ್ಕು ಸಲ ದಾದಿಯರ ಮೇಜಿಗೆ ಓಡಿಬಂದು ಸಾಯುತ್ತಿದ್ದೇನೆ ಎನ್ನುತ್ತಿದ್ದ. ಯಾರಾದರೂ ಕೈ ಹಿಡಿದುಕೊಂಡು ಕೂತು ಸಮಾಧಾನ ಹೇಳಬೇಕಾಗುತ್ತಿತ್ತು. ಈ ಒಂದು ವಾರದಿಂದ ಆ ಓಟವೇ ನಿಂತುಹೋಗಿತ್ತು. ಅದನ್ನು ಎಣಿಸಿದ್ದವಳು ದಾದಿ. ಓಡುತ್ತಿದ್ದವನಿಗೇ ಅದರ ಅರಿವಿರಲಿಲ್ಲ.

ರೋಗಿ ಸುಳ್ಳು ಹೇಳಿರಲಿಲ್ಲ. ಕ್ಲೈನ್ ಕಂಡುಕೊಂಡದ್ದು ಇಷ್ಟು: ಔಷಧಿ ಮೊದಲು ನಿಲ್ಲಿಸುವುದು ಗಾಬರಿಯ ಆಘಾತವನ್ನು. 'ಮತ್ತೆ ಬಂದರೆ ಏನು ಗತಿ' ಎಂದು ಕಾಯುತ್ತ ಕೂರುವ ಭಯ ಬೇರೆಯೇ. ಅದು ನಿಧಾನವಾಗಿ ಸಡಿಲವಾಗಬೇಕು, ಅದಕ್ಕೆ ಧೈರ್ಯ ತುಂಬುವವರೂ ಬೇಕು. ಈ ವ್ಯತ್ಯಾಸದ ಬೆನ್ನು ಹತ್ತಿ ಹೋದದ್ದರಿಂದಲೇ 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಪ್ಯಾನಿಕ್ ಡಿಸಾರ್ಡರ್‌ಗೆ ತನ್ನದೇ ಸ್ಥಾನ ಸಿಕ್ಕಿತು.

ಇಂದು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಆತಂಕಕ್ಕೆ ಚಿಕಿತ್ಸೆ ಶುರು ಮಾಡುವವರಿಗೆ ಮೊದಲು ಬರೆದುಕೊಡುವುದು ಸಾಮಾನ್ಯವಾಗಿ ಎಸಿಟಲೊಪ್ರಾಂ, ಸೆರ್ಟ್ರಲೀನ್, ಪರಾಕ್ಸೆಟಿನ್‌ನಂಥ ಔಷಧಿ. ಇಮಿಪ್ರಮೀನ್‌ಗಿಂತ ಇವುಗಳ ಕಾಟ ಕಡಿಮೆ. ಆದರೆ ಕಾಲದ ಲೆಕ್ಕದಲ್ಲಿ 1959ಕ್ಕೂ ಇಂದಿಗೂ ದೊಡ್ಡ ವ್ಯತ್ಯಾಸವಿಲ್ಲ. ಎರಡರಿಂದ ಆರು ವಾರ. ಕೆಲವರಿಗೆ ಪೂರ್ಣ ಫಲ ಕಾಣಲು ಎಂಟು, ಹನ್ನೆರಡು ವಾರವೂ ಬೇಕು. ಮಾತ್ರೆಯನ್ನು ಅರ್ಧಕ್ಕೇ ಬಿಡುವವರಲ್ಲಿ ಬಹಳಷ್ಟು ಮಂದಿ ಬಿಡುವುದು ಈ ಅವಧಿಯೊಳಗೇ.

ಬಿಡುವುದಕ್ಕೆ ಕಾರಣವೂ ಇದೆ. ಮೊದಲು ತೊಂದರೆ, ಆಮೇಲೆ ಗುಣ, ಇದು ಈ ಔಷಧಿಗಳ ಕ್ರಮ. ಇವು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಇರುವುದು ಕರುಳಿನಲ್ಲಿ. ಆದ್ದರಿಂದ ಮನಸ್ಸಿಗೆ ಮುಂಚೆ ಹೊಟ್ಟೆಗೆ ಸುದ್ದಿ ಮುಟ್ಟುತ್ತದೆ. ವಾಕರಿಕೆ, ಭೇದಿ, ಊಟ ಸೇರದಿರುವುದು, ಜೊತೆಗೆ ತಲೆನೋವು. ಒಬ್ಬರಿಗೆ ನಿದ್ದೆ ಹಾರಿಹೋದರೆ ಇನ್ನೊಬ್ಬರಿಗೆ ದಿನವಿಡೀ ಮಂಪರು. ಮಿದುಳಿನಲ್ಲಿ ಸೆರೊಟೋನಿನ್ ಏರುವುದು ಗಂಟೆಗಳಲ್ಲೇ ಶುರುವಾಗುತ್ತದೆ. ಆದರೆ ಅದನ್ನು ಬಿಡುಗಡೆ ಮಾಡುವ ನರಕೋಶಗಳಿಗೆ ತಮ್ಮದೇ ತಡೆ ಇದೆ. ಪ್ರಮಾಣ ಹೆಚ್ಚಾಯಿತೆಂದು ತಿಳಿದೊಡನೆ ಅವು ಕೆಲಸ ತಗ್ಗಿಸುತ್ತವೆ. ಈ ತಡೆ ಸಡಿಲವಾಗಲು ವಾರಗಳು ಹಿಡಿಯುತ್ತವೆ. ತಡವಾಗುವುದಕ್ಕೆ ಇದೊಂದೇ ಕಾರಣವೆಂದು ವಿಜ್ಞಾನಿಗಳು ಹೇಳುವುದಿಲ್ಲ, ಆದರೆ ಮುಖ್ಯ ವಿವರಣೆಗಳಲ್ಲಿ ಇದೂ ಒಂದು.

ಎಲ್ಲಕ್ಕಿಂತ ಕಿರಿಕಿರಿಯ ಸಂಗತಿಯೆಂದರೆ, ಮೊದಲ ಕೆಲವು ದಿನ ಆತಂಕವೇ ಒಂದು ಮೆಟ್ಟಿಲು ಏರಬಹುದು. ಕೈ ನಡುಕ, ಚಡಪಡಿಕೆ, ಒಳಗೊಳಗೇ ಮೋಟಾರು ತಿರುಗಿದಂಥ ಅನುಭವ. ಎದೆಬಡಿತವನ್ನು ದಿನವಿಡೀ ಕಾವಲು ಕಾಯುವುದೇ ಯಾರ ಕಾಯಿಲೆಯೋ ಅವರಿಗೇ ಈ ಹೊಸ ಬಡಿತ ಸಿಕ್ಕರೆ ಏನಾದೀತು! ಮಾತ್ರೆಯ ಕಾಟ ಯಾವುದು, ಕಾಯಿಲೆಯ ಕಾಟ ಯಾವುದು ಎಂದು ಬಿಡಿಸಿ ನೋಡುವ ತಾಳ್ಮೆ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಅದಕ್ಕೇ ಅನುಭವವುಳ್ಳ ವೈದ್ಯರು ಎಸಿಟಲೊಪ್ರಾಂ ಆದರೆ 5 ಮಿಲಿಗ್ರಾಂ, ಸೆರ್ಟ್ರಲೀನ್ ಆದರೆ 25 ಮಿಲಿಗ್ರಾಂ, ಹೀಗೆ ಅರ್ಧ ಡೋಸಿನಿಂದ ಹತ್ತಿಸುತ್ತಾರೆ. ಊಟದ ನಂತರ ತೆಗೆದುಕೊಂಡರೆ ವಾಕರಿಕೆ ತಗ್ಗುತ್ತದೆ. ನಿದ್ದೆ ಕೆಟ್ಟರೆ ಬೆಳಿಗ್ಗೆ, ಮಂಪರು ಬಂದರೆ ರಾತ್ರಿ ಎಂದು ಹೊತ್ತು ಬದಲಿಸಿಕೊಡುತ್ತಾರೆ. ಹೊಟ್ಟೆಯ ಕಾಟ ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಲೈಂಗಿಕ ಆಸಕ್ತಿ ಕುಗ್ಗುವುದು ಮಾತ್ರ ಹಾಗೆ ತಾನಾಗಿ ಹೋಗದಿರಬಹುದು. ನಮ್ಮಲ್ಲಿ ರೋಗಿ ಬಾಯಿ ಬಿಡುವುದಿಲ್ಲ, ವೈದ್ಯರು ಕೇಳುವುದಿಲ್ಲ. ಮಾತ್ರೆ ಸದ್ದಿಲ್ಲದೆ ಕಸದ ಬುಟ್ಟಿ ಸೇರುತ್ತದೆ. ಡೋಸ್ ಇಳಿಸುವುದು, ಔಷಧಿ ಬದಲಿಸುವುದು ಎರಡೂ ಸಾಧ್ಯವಿರುವಾಗ ಇದು ನಷ್ಟವೇ.

ಎಲ್ಲ ತೊಂದರೆಯನ್ನೂ ಸಹಿಸಿಕೊಂಡು ಕೂರಬೇಕೆಂದು ಇದರರ್ಥವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ, 2007ರಲ್ಲಿ 24 ವರ್ಷದವರೆಗಿನ ತರುಣರಿಗೆ, ಈ ಔಷಧಿಗಳ ಆರಂಭದಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಕೂತಲ್ಲಿ ಕೂರಲಾಗದ ತಳಮಳ, ದಿನಗಟ್ಟಲೆ ನಿದ್ದೆಯಿಲ್ಲದಿದ್ದರೂ ಕುಗ್ಗದ ವಿಪರೀತ ಉತ್ಸಾಹ, ಬದುಕು ಸಾಕೆನ್ನುವ ಯೋಚನೆ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯ ತನಕ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ರಾತ್ರಿ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಇನ್ನು ಮನೆಯವರ ಮಾತು. 'ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಯ್ತಪ್ಪ, ಇದಕ್ಕೆಲ್ಲ ಮಾತ್ರೆ ಯಾಕೆ?' ಇದು ಅಪ್ಪ. 'ಒಂದ್ಸಲ ಶುರು ಮಾಡಿದ್ರೆ ಜೀವನ ಪೂರ್ತಿ ಬಿಡೋ ಹಾಗಿಲ್ವಂತೆ' ಇದು ಚಿಕ್ಕಮ್ಮ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಆದರೆ ಆ ಮಾತಿಗೂ ಒಂದು ಡೋಸ್ ಇದೆ. ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಅಳೆಯಿತು. ಜನರೆದುರು ನಿಲ್ಲಲು ತೀವ್ರವಾಗಿ ಅಂಜುವ 46 ಮಂದಿಗೆ ಒಂಬತ್ತು ವಾರ ಎಸಿಟಲೊಪ್ರಾಂ ಕೊಟ್ಟರು. ಎಲ್ಲರಿಗೂ ಅದೇ 20 ಮಿಲಿಗ್ರಾಂ. ಒಂದು ಗುಂಪಿಗೆ ನಿಜ ಹೇಳಿದರು. ಇನ್ನೊಂದು ಗುಂಪಿಗೆ, ಇದರಿಂದ ಸೈಡ್ ಎಫೆಕ್ಟ್ ಬರಬಹುದು, ಆತಂಕಕ್ಕೆ ಮಾತ್ರ ಉಪಯೋಗವಿಲ್ಲ ಎಂದು ನಂಬಿಸಿದರು. ನಿಜ ಗೊತ್ತಿದ್ದವರಲ್ಲಿ ಶೇ. 50 ಮಂದಿಗೆ ಗಣನೀಯ ಗುಣ ಕಂಡಿತು. ಇನ್ನೊಂದು ಗುಂಪಿನಲ್ಲಿ ಶೇ. 14 ಮಂದಿಗೆ.

ಔಷಧಿಯೆಲ್ಲ ಬರೀ ನಂಬಿಕೆ ಎಂದು ಇದರಿಂದ ತೀರ್ಮಾನಿಸುವುದು ಅವಸರ. ಗುಂಪು ಚಿಕ್ಕದು, ಕಾಯಿಲೆ ಒಂದೇ ಬಗೆಯದು. ಆದರೆ ಧೈರ್ಯ ಕುಗ್ಗುವುದು ಚಿಕಿತ್ಸೆಯ ಹೊರಗಿನ ಮಾತಲ್ಲ, ಚಿಕಿತ್ಸೆಯ ಒಳಗೇ ಕೂತಿರುವ ಒಂದು ಅಂಶ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಪ್ರಯೋಗಗಳು ಕಡಿಮೆ. ಮಾತ್ರೆಯ ಪೆಟ್ಟಿಗೆಯೊಳಗಿನ ಚೀಟಿಯನ್ನು ಮಧ್ಯರಾತ್ರಿ ಬೆಳಕು ಹಾಕಿಕೊಂಡು ಓದುವ ಅಭ್ಯಾಸವಿರುವವರು ಇದನ್ನು ಗಮನಿಸಬಹುದು. ಆ ಚೀಟಿ ಸಾವಿರಕ್ಕೊಬ್ಬರಿಗೆ ಆಗುವುದನ್ನೂ ಹತ್ತಕ್ಕೊಬ್ಬರಿಗೆ ಆಗುವುದನ್ನೂ ಒಂದೇ ಅಕ್ಷರದಲ್ಲಿ ಅಚ್ಚು ಹಾಕಿರುತ್ತದೆ.

ಧೈರ್ಯ ಕೆಡಿಸುವ ಇನ್ನೊಂದು ಸಂಗತಿ ವೈದ್ಯರು ಬರೆದುಕೊಟ್ಟ ಚೀಟಿಯಲ್ಲೇ, ಎರಡನೆಯ ಸಾಲಿನಲ್ಲಿರುತ್ತದೆ. ಕ್ಲೊನಾಜೆಪಾಂ, ಅಲ್ಪ್ರಜೋಲಾಂನಂಥ ತಕ್ಷಣ ಹಿಡಿಯುವ ಮಾತ್ರೆಗಳು. ಇವುಗಳ ವಂಶದ ಮೂಲ ರೋಶ್ ಕಂಪನಿಯ ರಸಾಯನ ವಿಜ್ಞಾನಿ ಲಿಯೋ ಸ್ಟರ್ನ್‌ಬಾಕ್. ಅವರು ತಯಾರಿಸಿ ಮೂಲೆಗಿಟ್ಟಿದ್ದ ಒಂದು ಪುಡಿ 1957ರಲ್ಲಿ ಪ್ರಯೋಗಾಲಯ ಚೊಕ್ಕಟ ಮಾಡುವಾಗ ಕಣ್ಣಿಗೆ ಬಿದ್ದು ಪರೀಕ್ಷೆಗೆ ಹೋಯಿತು. ಅದು ಲಿಬ್ರಿಯಂ ಆಗಿ 1960ರಲ್ಲಿ ಮಾರುಕಟ್ಟೆಗೆ ಬಂತು, 1963ರಲ್ಲಿ ವೇಲಿಯಂ ಬಂತು. ಮುಂದೆ ಅಮೆರಿಕದಲ್ಲಿ ವರ್ಷಗಟ್ಟಲೆ ಅತಿ ಹೆಚ್ಚು ಬರೆದುಕೊಟ್ಟ ಮಾತ್ರೆ ವೇಲಿಯಂ. ಅಭ್ಯಾಸವಾಗಿ ಬಿಡಲಾಗದ ಕಷ್ಟ ಬಯಲಾಗುವ ಹೊತ್ತಿಗೆ ತಡವಾಗಿತ್ತು; ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ಹೇಳಿದ್ದು 1988ರಲ್ಲಿ. ಮೊದಲ ವಾರಗಳನ್ನು ದಾಟಿಸಲು ಇವು ಉಪಯೋಗಕ್ಕೆ ಬರುತ್ತವೆ ನಿಜ. ತೊಡಕು ಬರುವುದು ಹೋಲಿಕೆಯಲ್ಲಿ. ಒಂದು ಮಾತ್ರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಎದೆಬಡಿತ ಇಳಿಸುತ್ತದೆ, ಇನ್ನೊಂದು ಮೂರು ವಾರವಾದರೂ ಹೊಟ್ಟೆ ತೊಳೆಸುವುದು ಬಿಟ್ಟು ಬೇರೇನೂ ಮಾಡಿದಂತೆ ಕಾಣುವುದಿಲ್ಲ. ಯಾವುದು ಕೆಲಸದ ಮಾತ್ರೆ ಎಂದು ರೋಗಿ ತಾನೇ ತೀರ್ಪು ಕೊಟ್ಟುಬಿಡುತ್ತಾನೆ. ದೀರ್ಘಕಾಲಕ್ಕೆಂದು ಕೊಟ್ಟದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ಇಟ್ಟುಕೊಳ್ಳುತ್ತಾನೆ. ಸಂಜೆ ಎರಡು ಪೆಗ್ ಹಾಕುವವರು ಇದರ ಮೇಲೆ ಅದನ್ನೂ ಸೇರಿಸಿದರೆ ಉಸಿರಾಟಕ್ಕೇ ಅಪಾಯ. ಯಾವುದು ಎಷ್ಟು ದಿನಕ್ಕೆ ಎಂದು ವೈದ್ಯರು ಮೊದಲ ದಿನವೇ ಬಿಡಿಸಿ ಹೇಳಿದರೆ ಈ ಗೊಂದಲದ ಅರ್ಧ ಭಾಗ ಹುಟ್ಟುವುದೇ ಇಲ್ಲ. ಉದ್ದನೆಯ ಕ್ಯೂ ಇರುವ ಹೊರರೋಗಿ ವಿಭಾಗದಲ್ಲಿ ಅಷ್ಟು ಮಾತಿಗೆ ಸಮಯ ಸಿಗುವುದು ಅಪರೂಪ ಎನ್ನುವುದೂ ನಿಜವೇ.

ಕೇಳುವವರು ಸಿಗುವುದೇ ಕಷ್ಟ ಎನ್ನುವುದಕ್ಕೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೇ ಸಾಕ್ಷಿ. ಹನ್ನೆರಡು ರಾಜ್ಯಗಳಲ್ಲಿ ನಡೆದ ಆ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92. ಹಾಗೆ ನೋಡಿದರೆ ಕನ್ನಡದಲ್ಲಿ ಈ ವಿಷಯದ ಮಾತಿಗೆ ಬರವಿಲ್ಲ. ವೃತ್ತಿಯಿಂದ ವೈದ್ಯರಾಗಿದ್ದ, ಕೊರವಂಜಿ ಹಾಸ್ಯಪತ್ರಿಕೆಯ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ಸರಳ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಓದಿದವರು ಒಪ್ಪುತ್ತಾರೆ. ತಮ್ಮ ಮನೆಯಲ್ಲಿ ಮಾತ್ರೆಯ ಪಟ್ಟಿ ಕಂಡಾಗ ಮಾತ್ರ ಅದನ್ನು ಅಕ್ಕಿ ಡಬ್ಬದ ಹಿಂದೆ ಮುಚ್ಚಿಡುತ್ತಾರೆ.

ಗುಣವಾಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? 'ಈಗ ಹೇಗನ್ನಿಸುತ್ತಿದೆ' ಎಂಬ ಪ್ರಶ್ನೆ ಮೊದಲ ತಿಂಗಳಲ್ಲಿ ಅಷ್ಟೊಂದು ಕೆಲಸಕ್ಕೆ ಬಾರದು. ಕೇಳಿದ ಕ್ಷಣ ಹೇಗಿದೆಯೋ ಅದೇ ಉತ್ತರವಾಗುತ್ತದೆ. 2006ರಲ್ಲಿ ಪ್ರಕಟವಾದ, ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಜಿಎಡಿ-7 ಎಂಬ ಪ್ರಶ್ನಾವಳಿಯಲ್ಲಿ ಇರುವುದು ಏಳೇ ಪ್ರಶ್ನೆ, ಒಟ್ಟು ಅಂಕ 21. ಹಿಂದಿನ ಎರಡು ವಾರದಲ್ಲಿ ಎಷ್ಟು ದಿನ ಹಾಗಾಯಿತು ಎಂದು ಅದು ಕೇಳುತ್ತದೆ. ಹತ್ತು ಮುಟ್ಟಿದರೆ ಮಧ್ಯಮ, ಹದಿನೈದು ಮುಟ್ಟಿದರೆ ತೀವ್ರ. ಹದಿನಾರಿದ್ದದ್ದು ಹನ್ನೆರಡಾದರೆ ರೋಗಿಗೆ ಏನೂ ಆಗಿಲ್ಲವೆಂದೇ ಅನ್ನಿಸಬಹುದು, ವೈದ್ಯರಿಗೆ ಅದು ಸುದ್ದಿ. ಅಂಕದ ಗೊಡವೆ ಬೇಡವಾದವರು ಮಾಡಿದ್ದನ್ನಷ್ಟೇ ಬರೆದಿಟ್ಟುಕೊಳ್ಳಬಹುದು: ಬಸ್ಸಿನಲ್ಲಿ ಹೋದೆನೇ, ಹೆಂಡತಿಗೆ ಎಷ್ಟು ಸಲ ಫೋನ್ ಮಾಡಿದೆ, ನಾಡಿ ಎಷ್ಟು ಸಲ ಮುಟ್ಟಿ ನೋಡಿಕೊಂಡೆ. ಆ ಪಟ್ಟಿಯನ್ನು ಹೆಂಡತಿಯೇ ಬರೆದರೆ ಇನ್ನೂ ಒಳ್ಳೆಯದು.

ಮೊದಲ ಔಷಧಿಯೇ ಎಲ್ಲರಿಗೂ ಒಗ್ಗುವುದಿಲ್ಲ. ಆರರಿಂದ ಎಂಟು ವಾರ ಸರಿಯಾದ ಡೋಸಿನಲ್ಲಿ ತೆಗೆದುಕೊಂಡರೂ ಬದಲಾವಣೆ ಇಲ್ಲದಿದ್ದರೆ ಬೇರೆಯದಕ್ಕೆ ಹೋಗುವುದು ರೂಢಿ. ಮಾತ್ರೆಯೊಂದೇ ದಾರಿಯೂ ಅಲ್ಲ. 2008ರಲ್ಲಿ ಅಮೆರಿಕದಲ್ಲಿ 488 ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಸೆರ್ಟ್ರಲೀನ್ ಒಂದರಿಂದಲೇ ಶೇ. 55ರಷ್ಟು, ಯೋಚನೆ–ವರ್ತನೆ ತಿದ್ದುವ ಸಿಬಿಟಿ ಚಿಕಿತ್ಸೆಯೊಂದರಿಂದಲೇ ಶೇ. 60ರಷ್ಟು, ಎರಡೂ ಸೇರಿದಾಗ ಶೇ. 81ರಷ್ಟು ಮಕ್ಕಳು ಚೇತರಿಸಿಕೊಂಡಿದ್ದರು. ಖಾಲಿ ಮಾತ್ರೆಯಿಂದ ಶೇ. 24. ಧ್ಯಾನದ ಪಕ್ಷದವರಿಗೂ ಒಂದು ಸಂಗತಿ ಇದೆ: 2022ರಲ್ಲಿ ಪ್ರಕಟವಾದ, 276 ವಯಸ್ಕರ ಮೇಲಿನ ಅಧ್ಯಯನದಲ್ಲಿ ಎಂಟು ವಾರದ ಧ್ಯಾನ ತರಬೇತಿ ಎಸಿಟಲೊಪ್ರಾಂಗೆ ಕಡಿಮೆಯಾಗಲಿಲ್ಲ. ಆದರೆ ಅದು ವಾರಕ್ಕೊಂದು ದೀರ್ಘ ತರಗತಿ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ ಇದ್ದ ಕಟ್ಟುನಿಟ್ಟಿನ ತರಬೇತಿ. ಬೆಳಿಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಮಾತ್ರೆ ಬಿಡುವುದಕ್ಕೆ ಆ ಅಧ್ಯಯನದಲ್ಲಿ ಆಧಾರವಿಲ್ಲ.

ಚೇತರಿಸಿಕೊಂಡ ಮೇಲೆ ಇನ್ನೊಂದು ಬಗೆಯ ಅಧೈರ್ಯ ಕಾದಿರುತ್ತದೆ. ಗುಣ ಕಂಡ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಮೆಲ್ಲಗೆ ಇಳಿಸುತ್ತ ಬರುವುದು ಕ್ರಮ. ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂಥ ಝುಮ್ಮೆನ್ನುವಿಕೆ ಬರಬಹುದು. ಪರಾಕ್ಸೆಟಿನ್‌ನಲ್ಲಿ ಇದು ಹೆಚ್ಚು, ದೇಹದಲ್ಲಿ ವಾರಗಟ್ಟಲೆ ಉಳಿಯುವ ಫ್ಲೂಆಕ್ಸೆಟಿನ್‌ನಲ್ಲಿ ಕಡಿಮೆ. ಮದುವೆಗೆಂದು ಊರಿಗೆ ಹೋದವರು ಮಾತ್ರೆಯ ಪಟ್ಟಿ ಮರೆತು, ಮೂರನೆಯ ದಿನ ತಲೆ ತಿರುಗಿದಾಗ ಹಳೆಯ ಕಾಯಿಲೆ ಮರಳಿತೆಂದು ಕುಸಿದು ಕೂರುವುದುಂಟು. ವೈದ್ಯರ ಚೀಟಿಯ ಫೋಟೊ ಫೋನಿನಲ್ಲಿದ್ದರೆ ಆ ಊರಿನ ವೈದ್ಯರಿಗೋ ಮೆಡಿಕಲ್ಸ್‌ನವರಿಗೋ ತೋರಿಸಲು ಅನುಕೂಲ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂಬಷ್ಟು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿದ್ದರೆ, ಹಾಗೆ ಕುಸಿದವರು ಮನೆಗೆ ಮಾಡುವ ಫೋನ್ ಕರೆ ಐದು ನಿಮಿಷದಲ್ಲಿ ಮುಗಿಯುತ್ತದೆ.