ಲಿವರ್ ಕ್ಯಾನ್ಸರ್ ಪತ್ತೆ ಹಚ್ಚುವ ಪರೀಕ್ಷೆಗಳು: ನಾವು ತಿಳಿದಿರಬೇಕಾದದ್ದು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣ ನಮ್ಮ ಮನೆಯ ಟ್ರಂಕಿನಲ್ಲಿದ್ದ ಒಂದು ಚೀಟಿ.

ನಮ್ಮ ಚಾಚಾ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಬೀಡಿ ಸೇದಿದವರಲ್ಲ, ಸೆರೆ ಮುಟ್ಟಿದವರಲ್ಲ. ಒಮ್ಮೆ ಶಿಬಿರದಲ್ಲಿ ರಕ್ತದಾನ ಮಾಡಿದರು. ಕೆಲವು ದಿನಗಳ ಮೇಲೆ, ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಇದೆ, ವೈದ್ಯರನ್ನು ಕಾಣಬೇಕು ಎಂಬ ಚೀಟಿ ಬಂತು. ಆಗ ಮನೆಯಲ್ಲಿ ಫೂಫಿಯ ಲಗ್ನದ ಮಾತು ನಡೆದಿತ್ತು. ಸುದ್ದಿ ಹೊರಗೆ ಹೋದರೆ ಸಂಬಂಧ ಮುರಿದೀತೆಂದು ದಾದಿ ಆ ಚೀಟಿಯನ್ನು ಟ್ರಂಕಿನ ತಳಕ್ಕೆ ಇಟ್ಟುಬಿಟ್ಟರು. ಚಾಚಾ ಗಟ್ಟಿಮುಟ್ಟಾಗಿಯೇ ಇದ್ದರು. ಎಲ್ಲರೂ ಮರೆತರು.

ಹದಿನೆಂಟು ವರ್ಷಗಳ ನಂತರ ಅವರಿಗೆ ಊಟ ಸೇರದಾಯಿತು, ಕಣ್ಣು ಹಳದಿಯಾದವು. ಕಾಮಣಿ ಎಂದು ಎರಡು ತಿಂಗಳು ಬೇರಿನ ಔಷಧ ಕೊಡಿಸಿದೆವು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ದೊಡ್ಡ ಗಡ್ಡೆ ಇತ್ತು. ನಾಲ್ಕು ತಿಂಗಳಲ್ಲಿ ತೀರಿಕೊಂಡರು. ಅವರ ಬಟ್ಟೆಗಳನ್ನು ತೆಗೆಯುವಾಗ ಆ ಚೀಟಿ ನನ್ನ ಕೈಗೆ ಸಿಕ್ಕಿತು. ಓದು ಬಲ್ಲವರ ಮನೆಯಲ್ಲಿ ಓದದೆ ಉಳಿದ ಚೀಟಿ ಅದು.

ಮಕ್ಕಳೇ, ಯಕೃತ್ತು ಅಥವಾ ಲಿವರ್ ಎಂಬುದು ಬಲಗಡೆಯ ಪಕ್ಕೆಲುಬುಗಳ ಕೆಳಗಿರುವ, ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಉರ್ದುವಿನಲ್ಲಿ ಇದನ್ನೇ ಜಿಗರ್ ಎನ್ನುತ್ತೇವೆ. ಮುದ್ದಿನ ಮಗುವನ್ನು 'ಜಿಗರ್ ಕಾ ಟುಕ್ಡಾ' ಎಂದು ಕರೆಯುತ್ತೇವೆ. ಅಷ್ಟು ಪ್ರೀತಿಯ ಈ ಅಂಗ ಬಲು ಮೌನಿ. ಅದರ ಹೊರಪೊರೆಗೆ ನೋವು ತಿಳಿಯುತ್ತದೆಯೇ ಹೊರತು ಒಳಭಾಗಕ್ಕೆ ತಿಳಿಯುವುದಿಲ್ಲ. ಬಹುಭಾಗ ಕೆಟ್ಟರೂ ಉಳಿದ ಭಾಗ ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ನೋವು ಬರಲಿ, ಆಮೇಲೆ ನೋಡೋಣ ಎಂದು ಕಾಯುವುದು ತಪ್ಪು.

'ನಾವು ಕುಡಿಯುವುದಿಲ್ಲ, ನಮ್ಮ ಲಿವರಿಗೆ ಏನಾಗುತ್ತದೆ?' ಎಂದು ನಮ್ಮಲ್ಲಿ ಬಹಳ ಜನ ಕೇಳುತ್ತಾರೆ. ಕುಡಿತ ಒಂದು ಕಾರಣ ಮಾತ್ರ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಬೂಸು ಹಿಡಿದ ಶೇಂಗಾ ಹಾಗೂ ಗೋವಿನಜೋಳದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ, ಇವೂ ಕಾರಣಗಳೇ. ಲಿವರ್ ಗಟ್ಟಿಯಾಗಿ ಗಂಟುಗಂಟಾಗುವುದಕ್ಕೆ ಸಿರೋಸಿಸ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ಅದರ ಮೇಲೆಯೇ ಕ್ಯಾನ್ಸರ್ ಬೆಳೆಯುತ್ತದೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಸಿರೋಸಿಸ್ ಇಲ್ಲದೆಯೂ ಬರಬಹುದು.

ಇನ್ನು ಪರೀಕ್ಷೆಗಳ ವಿಚಾರ. ಮೊದಲನೆಯದು ರಕ್ತ ಪರೀಕ್ಷೆ. ಎಲ್‌ಎಫ್‌ಟಿ ಎಂಬುದು ಲಿವರ್ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುತ್ತದೆ. ಅದು ಸರಿಯಿದ್ದ ಮಾತ್ರಕ್ಕೆ ಗಡ್ಡೆ ಇಲ್ಲವೆಂದು ಹೇಳಲಾಗದು. ಎಚ್‌ಬಿಎಸ್‌ಎಜಿ ಪರೀಕ್ಷೆ ಹೆಪಟೈಟಿಸ್ ಬಿ ಸೋಂಕನ್ನು, ಆಂಟಿ ಎಚ್‌ಸಿವಿ ಪರೀಕ್ಷೆ ಹೆಪಟೈಟಿಸ್ ಸಿ ತಗುಲಿತ್ತೇ ಎಂಬುದನ್ನು ತೋರಿಸುತ್ತವೆ. ಹೆಪಟೈಟಿಸ್ ಬಿ ವೈರಸ್ಸಿನ ಈ ಗುರುತನ್ನು ರಕ್ತದಲ್ಲಿ ಕಂಡುಹಿಡಿದ ಬರೂಕ್ ಬ್ಲೂಮ್‌ಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂತು. ಅವರ ಹುಟ್ಟಿದ ದಿನವಾದ ಜುಲೈ 28 ವಿಶ್ವ ಹೆಪಟೈಟಿಸ್ ದಿನ.

ಎಎಫ್‌ಪಿ ಎಂಬ ಇನ್ನೊಂದು ರಕ್ತ ಪರೀಕ್ಷೆ ಇದೆ. ಗರ್ಭದಲ್ಲಿರುವ ಶಿಶುವಿನ ಲಿವರ್ ತಯಾರಿಸುವ ಈ ಪ್ರೋಟೀನು ದೊಡ್ಡವರಲ್ಲಿ ಬಹಳ ಕಡಿಮೆ ಇರುತ್ತದೆ. ಲಿವರ್ ಕ್ಯಾನ್ಸರ್ ಇದ್ದಾಗ ಏರಬಹುದು. ಆದರೆ ಗರ್ಭಿಣಿಯರಲ್ಲಿ, ಹೆಪಟೈಟಿಸ್ ಇದ್ದವರಲ್ಲಿಯೂ ಏರುತ್ತದೆ, ಕ್ಯಾನ್ಸರ್ ಇದ್ದೂ ಅನೇಕರಲ್ಲಿ ಏರುವುದಿಲ್ಲ. ಇದೊಂದನ್ನೇ ಹಿಡಿದು ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ.

ಎರಡನೆಯದು ಅಲ್ಟ್ರಾಸೌಂಡ್. ನಾವು ಸೋನೋಗ್ರಫಿ ಎನ್ನುವುದು ಇದನ್ನೇ. ಸೂಜಿ ಇಲ್ಲ, ವಿಕಿರಣ ಇಲ್ಲ, ಕೆಲವು ತಾಸು ಉಪವಾಸ ಇದ್ದು ಹೋದರೆ ಸಾಕು. ಸಿರೋಸಿಸ್ ಇದ್ದವರು 6 ತಿಂಗಳಿಗೊಮ್ಮೆ ಮಾಡಿಸಬೇಕು. ಹೆಪಟೈಟಿಸ್ ಬಿ ಇದ್ದವರಲ್ಲಿ ಸಾಮಾನ್ಯವಾಗಿ 40 ದಾಟಿದ ಗಂಡಸರಿಗೆ, 50 ದಾಟಿದ ಹೆಂಗಸರಿಗೆ, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದರೆ ಇನ್ನೂ ಬೇಗನೆ, ವೈದ್ಯರು ಇದನ್ನೇ ಹೇಳುತ್ತಾರೆ. ಗಂಟು 1 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ನೋಡುತ್ತಾರೆ. ಅದಕ್ಕಿಂತ ದೊಡ್ಡದಿದ್ದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ.

ಆ ಮುಂದಿನದೇ ಟ್ರಿಪಲ್ ಫೇಸ್ ಸಿಟಿ ಅಥವಾ ಎಂಆರ್‌ಐ. ನಮ್ಮ ಹೊಲದ ಉದಾಹರಣೆ ಕೊಡುತ್ತೇನೆ. ಒಂದೇ ಹೊಲಕ್ಕೆ ಕಾಲುವೆಯ ನೀರೂ ಬೋರಿನ ನೀರೂ ಬರುವಂತೆ, ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಅಭಿಧಮನಿಯಿಂದ, ಉಳಿದದ್ದು ಅಪಧಮನಿಯಿಂದ. ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಕುಡಿಯುತ್ತದೆ. ಕೈಯ ನರಕ್ಕೆ ಔಷಧ ಕೊಟ್ಟು ಕೆಲವೇ ನಿಮಿಷಗಳಲ್ಲಿ ಹಲವು ಚಿತ್ರ ತೆಗೆದಾಗ, ಮೊದಲ ಚಿತ್ರದಲ್ಲಿ ಗಡ್ಡೆ ಹೊಳೆಯುತ್ತದೆ. ನಂತರದ ಚಿತ್ರಗಳಲ್ಲಿ ಸುತ್ತಲಿನ ಲಿವರ್ ಹೊಳೆದು ಗಡ್ಡೆ ಮಂಕಾಗುತ್ತದೆ. ಸಿರೋಸಿಸ್ ಇದ್ದವರಲ್ಲಿ ಈ ಲಕ್ಷಣ ಸ್ಪಷ್ಟವಾಗಿದ್ದರೆ ಬಹುತೇಕ ಬಯಾಪ್ಸಿ ಇಲ್ಲದೆಯೇ ರೋಗ ನಿರ್ಧಾರವಾಗುತ್ತದೆ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಔಷಧದ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.

ಚಿತ್ರದಲ್ಲಿ ಸಂಶಯ ಉಳಿದರೆ, ಅಥವಾ ಬೇರೆ ಅಂಗದ ಕ್ಯಾನ್ಸರ್ ಲಿವರಿಗೆ ಹಬ್ಬಿದೆಯೇ ಎಂದು ನೋಡಬೇಕಾದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದು. 'ಸೂಜಿ ಚುಚ್ಚಿದರೆ ಕ್ಯಾನ್ಸರ್ ಹಬ್ಬುತ್ತದೆ' ಎಂದು ಹೆದರಿ ರೋಗಿಯನ್ನು ಮನೆಗೆ ಕರೆತರುವವರಿದ್ದಾರೆ. ಅಂಥ ಅಪಾಯ ಇದೆ, ಆದರೆ ಬಹಳ ಕಡಿಮೆ. ರಕ್ತಸ್ರಾವದ ಅಪಾಯವೂ ಉಂಟು, ಅದಕ್ಕೆಂದೇ ಮೊದಲು ರಕ್ತ ಹೆಪ್ಪುಗಟ್ಟುವುದನ್ನು ಪರೀಕ್ಷಿಸುತ್ತಾರೆ. ಅಗತ್ಯವಿದ್ದಾಗಲೇ ವೈದ್ಯರು ಇದನ್ನು ಹೇಳುವುದು.

ಹಣದ ಚಿಂತೆ ನನಗೆ ಗೊತ್ತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರಕಾರಿ ಆಸ್ಪತ್ರೆಗಳಲ್ಲಿ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಔಷಧ ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ನಮಗೆ 500 ಕಿಲೋಮೀಟರಿಗೂ ದೂರ, ಆದರೆ ಅದರ ಒಂದು ಕೇಂದ್ರ ಕಲಬುರಗಿಯಲ್ಲಿದೆ.

ಹೆಪಟೈಟಿಸ್ ಬಿ ಒಂದೇ ತಾಟಿನಲ್ಲಿ ಉಂಡರೆ, ಕೈ ಕುಲುಕಿದರೆ ಬರುವುದಿಲ್ಲ. ರಕ್ತದಿಂದ, ದೈಹಿಕ ಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಖತ್ನಾ, ಹಿಜಾಮಾ, ಕ್ಷೌರ, ಕಿವಿ ಚುಚ್ಚಿಸುವುದು, ಯಾವುದೇ ಇರಲಿ, ಹೊಸ ಬ್ಲೇಡು, ಹೊಸ ಸೂಜಿ ಬೇಕೆಂದು ಕೇಳಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಹಾಕಿಸಿ. ದೊಡ್ಡವರಿಗೂ ಮೂರು ಡೋಸಿನ ಲಸಿಕೆ ಇದೆ.

ಚಾಚಾ ಹೋದ ಮೇಲೆ ಮನೆಮಂದಿಯೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಂಡೆವು. ಅವರ ಹಿರಿಯ ಮಗನಲ್ಲಿ ಸೋಂಕು ಸಿಕ್ಕಿತು. ಅವನೇ ಹೇಳಲು ಒಪ್ಪಿದ್ದರಿಂದ ಹೇಳುತ್ತಿದ್ದೇನೆ. ಮಾತ್ರೆ ತೆಗೆದುಕೊಳ್ಳುತ್ತಾನೆ, 6 ತಿಂಗಳಿಗೊಮ್ಮೆ ಸೋನೋಗ್ರಫಿಗೆ ಹೋಗುತ್ತಾನೆ, ಹೊಲ ನೋಡಿಕೊಳ್ಳುತ್ತಾನೆ. ಹೋದ ವರ್ಷ ಅವನ ಲಗ್ನವೂ ಆಯಿತು. ಹುಡುಗಿಯ ಮನೆಯವರಿಗೆ ಮೊದಲೇ ಎಲ್ಲವನ್ನೂ ತಿಳಿಸಿದೆವು. ಅವರು ವೈದ್ಯರನ್ನು ಕೇಳಿ, ಹುಡುಗಿಗೆ ಲಸಿಕೆ ಹಾಕಿಸಿ ಒಪ್ಪಿಕೊಂಡರು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದ ಮೇಲೆ ಅಬ್ಬಾ, ಅಮ್ಮಿಯವರ ಹಳೆಯ ದವಾಖಾನೆ ಚೀಟಿಗಳನ್ನು ತೆಗೆಸಿ ಒಮ್ಮೆ ಓದಿರಿ. ತಿಳಿಯದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ. ನೀವು ಕಲಿತ ಅಕ್ಷರಕ್ಕೆ ಇದೂ ಒಂದು ಕೆಲಸ.