ತಿಥಿ ಮುಗಿದ ಮರುದಿನ

ಮನೆಯಲ್ಲೊಂದು ಸಾವು ಸಂಭವಿಸಿದಾಗ ನಮ್ಮ ಸಮಾಜ ಆ ಮನೆಯವರನ್ನು ಒಂಟಿಯಾಗಿ ಬಿಡುವುದಿಲ್ಲ. ಒಲೆ ಹಚ್ಚದ ಮನೆಗೆ ನೆರೆಯವರು ಅನ್ನ, ಸಾರು ತಂದುಕೊಡುತ್ತಾರೆ. ದೂರದ ನೆಂಟರು ಬಂದು ಜೊತೆಗಿರುತ್ತಾರೆ. ಸತ್ತವರ ಗುಣಗಳನ್ನು ಹಾಡಿಕೊಂಡು ಅಳುವ ರೂಢಿಯೂ ನಮ್ಮ ಹಳ್ಳಿಗಳಲ್ಲಿದೆ. ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ ತಿಥಿ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಎಲ್ಲರೂ ಬಸ್ಸು ಹತ್ತುತ್ತಾರೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಮರುದಿನದ ಬಗ್ಗೆ.

ಗಂಡನನ್ನು ಕಳೆದುಕೊಂಡಾಕೆ ಸಂಜೆ ಎಂದಿನಂತೆ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ನೋಡುತ್ತಾ ನಿಂತುಬಿಡುತ್ತಾಳೆ. ಮಗನನ್ನು ಕಳೆದುಕೊಂಡ ತಂದೆ ಗೇಟಿನ ಸದ್ದಾದರೆ ತಲೆಯೆತ್ತುತ್ತಾನೆ. ನಿದ್ರೆ ಬಾರದು, ಊಟ ಸೇರದು. ಸತ್ತವರ ದನಿ ಕೇಳಿದಂತಾಗುತ್ತದೆ. 'ಒಂದು ದಿನ ಮೊದಲೇ ಆಸ್ಪತ್ರೆಗೆ ಕರೆದೊಯ್ದಿದ್ದರೆ' ಎಂಬ ಕೊರಗು ಕಾಡುತ್ತದೆ. ಬಿಟ್ಟುಹೋದವರ ಮೇಲೆಯೇ ಸಿಟ್ಟು ಬರುವುದೂ ಉಂಟು. ಇವು ಹುಚ್ಚಿನ ಲಕ್ಷಣಗಳಲ್ಲ, ಶೋಕದ ಸಹಜ ರೂಪಗಳು. ಹಾಗೆಂದು ತಿಳಿಸಿ ಹೇಳುವವರೊಬ್ಬರಿದ್ದರೆ ಅರ್ಧ ಭಯ ಕಳೆಯುತ್ತದೆ.

ನಾವಾದರೋ ಏನು ಹೇಳುತ್ತೇವೆ? 'ಗಂಡಸಾಗಿ ಅಳಬಾರದು.' 'ಹಣೆಬರಹ, ಮರೆತುಬಿಡಿ.' ಒಳ್ಳೆಯ ಮನಸ್ಸಿನಿಂದಲೇ ಆಡುವ ಈ ಮಾತುಗಳು ನೊಂದವರ ಬಾಯಿ ಮುಚ್ಚಿಸುತ್ತವೆ. ಆಪ್ತಸಮಾಲೋಚನೆ ಎಂಬುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಸಮಾಲೋಚಕರು ಉಪದೇಶ ಮಾಡುವುದಿಲ್ಲ. ಸತ್ತವರ ಹೆಸರನ್ನು ಕೇಳುತ್ತಾರೆ, ಕೊನೆಯ ದಿನ ಹೇಗಿತ್ತೆಂದು ಕೇಳುತ್ತಾರೆ. ಅದೇ ಸಂಗತಿಯನ್ನು ಹತ್ತನೆಯ ಸಲ ಹೇಳಿದರೂ ತಾಳ್ಮೆಯಿಂದ ಆಲಿಸುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ವರ್ಡನ್ ಅವರು 1982ರ ತಮ್ಮ ಗ್ರಂಥದಲ್ಲಿ ಶೋಕಿಸುವವರ ಮುಂದಿರುವ ನಾಲ್ಕು ಕೆಲಸಗಳನ್ನು ಗುರುತಿಸಿದರು. ಸಾವು ನಿಜವೆಂದು ಒಪ್ಪುವುದು, ನೋವನ್ನು ಅನುಭವಿಸುವುದು, ಅವರಿಲ್ಲದ ಬದುಕಿಗೆ ಹೊಂದಿಕೊಳ್ಳುವುದು ಮೊದಲ ಮೂರು. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದು ನಾಲ್ಕನೆಯದೆಂದು ಆಗ ಹೇಳಿದ್ದರು. ಮುಂದಿನ ಆವೃತ್ತಿಗಳಲ್ಲಿ ಅವರೇ ಅದನ್ನು ತಿದ್ದಿ, ನಂಟನ್ನು ಉಳಿಸಿಕೊಂಡೇ ಬಾಳನ್ನು ಮುಂದುವರಿಸುವುದು ಎಂದರು. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆಯಿಡುವ ನಮ್ಮವರಿಗೆ ಇದು ಹೊಸ ಮಾತಲ್ಲ. ಮರೆಯುವುದು ಗುಣವಾಗುವುದಲ್ಲ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. 'ಅಪ್ಪ ಊರಿಗೆ ಹೋಗಿದ್ದಾರೆ' ಎಂದರೆ ಮಗು ಕಾಯುತ್ತಲೇ ಇರುತ್ತದೆ. ಸತ್ತಿದ್ದಾರೆಂದು ಸರಳವಾಗಿ ಹೇಳಿ, ಅದರಲ್ಲಿ ನಿನ್ನ ತಪ್ಪಿಲ್ಲವೆಂದೂ ತಿಳಿಸಬೇಕು.

ಬಹುಮಂದಿಯ ಶೋಕ ನಿಧಾನವಾಗಿ ತಾನೇ ಹದಕ್ಕೆ ಬರುತ್ತದೆ. ಆದರೆ 6 ತಿಂಗಳು ಕಳೆದರೂ ದುಃಖದ ತೀವ್ರತೆ ತಗ್ಗದೆ ದಿನದ ಕೆಲಸಗಳೇ ನಿಂತುಹೋದರೆ ತಜ್ಞರ ನೆರವು ಬೇಕು. ದೀರ್ಘಕಾಲದ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಎಷ್ಟೋ ಮಂದಿಗೆ ಸತ್ತವರ ಮುಖ ನೋಡುವುದಕ್ಕೂ ಆಗಲಿಲ್ಲ, ತಿಥಿಗೆ ಜನ ಸೇರುವುದಕ್ಕೂ ಆಗಲಿಲ್ಲ. ಅಂಥವರ ಎದೆಯ ಭಾರ ಇಂದಿಗೂ ಇಳಿಯದೆ ಇರಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರಲಿ ರಾತ್ರಿಯಿರಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆದರೆ ಮೊದಲ ನೆರವು ನಮ್ಮಿಂದಲೇ ಆಗಬೇಕು. ತಿಥಿಯ ಊಟ ಮುಗಿಸಿ ಬಂದವರು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಆ ಮನೆಗೆ ಹೋಗಿ. ಬುದ್ಧಿವಾದ ಬೇಡ. 'ಅವರ ವಿಷಯ ಹೇಳಿ, ಕೇಳುತ್ತೇನೆ' ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಅಷ್ಟೇ ಸಾಕು.