ಹಳೇ ಚಂದ್ರಿಕೆಯ ಆಕಾಶಬುಟ್ಟಿ



ದೀಪಾವಳಿ ಆಕಾಶಬುಟ್ಟಿಗೆ ಪೇಟೆಗೇ ಹೋಗಬೇಕೇನು? ನಮ್ಮ ತೊಂಡೇಬಾವಿ ಸೀಮೆಯಲ್ಲಿ ರೇಷ್ಮೆ ಮಾಡುವವರ ಹಿತ್ತಲಲ್ಲಿ ಮುರಿದ ಚಂದ್ರಿಕೆ ಬಿದ್ದಿರುತ್ತೆ. ಅದರ ಬಿದಿರು ದಬ್ಬೆ ಬಿಚ್ಚಿ, ನೆನೆಸಿ ಬಗ್ಗಿಸಿ ದಾರದಲ್ಲಿ ಕಟ್ಟಿದರೆ ಚೌಕಟ್ಟಾಯ್ತು. ಮೈದಾ ಅಂಟು ಕಾಯಿಸಿ ಹಳೇ ಸೀರೆಯ ತೆಳು ತುಂಡು ಹಚ್ಚಿ. ಲಗ್ನಪತ್ರಿಕೆ ದಪ್ಪ, ಬೆಳಕು ಬಿಡಲ್ಲ. ಹೂವು ಕತ್ತರಿಸೋಕೆ ಸೈ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡಿನಿಂದ ನೂಲು ಬಿಚ್ಚೋಕಾಗಲ್ಲ. ಅದನ್ನು ಪೋಣಿಸಿ ಕುಚ್ಚು ಬಿಡಿ, ಬಲು ಚೆಂದ.

ಆದರೆ ರೋಗ ಬಿದ್ದ ಬೆಳೆಯ ಚಂದ್ರಿಕೆ, ಗೂಡು ಬೇಡವೇ ಬೇಡ. ಒಳ್ಳೇದಕ್ಕೂ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಹೊಡೆದಿರುತ್ತೇವೆ. ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿಯೇ ಮಕ್ಕಳ ಕೈಗೆ ಕೊಡಿ. ಒಳಗೆ ಹಣತೆಯಾಗಲಿ, ಹಳೇ 60 ವ್ಯಾಟಿನ ಬಲ್ಬಾಗಲಿ ಇಟ್ಟರೆ ಬಟ್ಟೆ ಹತ್ತಿಕೊಂಡೀತು. ಸಣ್ಣ ಎಲ್‌ಇಡಿ ಬಲ್ಬು ಸಾಕು. ಹುಲ್ಲಿನ ಬಣವೆ ಹತ್ತಿರ ಮಾತ್ರ ತೂಗುಹಾಕಬೇಡಿ.